ಎರಡನೇ ಗಂಟು

ಸ್ಪಿರಿಟ್ಟಿನ ವಾಸನೆಯ ಅಡಿಯಲ್ಲಿ ಇಸ್ತ್ರಿಯ ವಾಸನೆ, ಈಗ ಹೋದ ತಳ್ಳುಗಾಡಿಯ ಮೇಲಿನ ಬಿಳಿ ಚಾದರದ್ದು, ಮೂಲೆಗೆ ಮೂಲೆ ಕೂಡಿಲ್ಲ, ಒಬ್ಬರೇ ಮಡಿಸಿರಬೇಕು — ನೋಡು ನನ್ನ ಬುದ್ಧಿ, ಮಗಳನ್ನು ಮುರಿದ ಕೈ ಕೂಡಿಸಲು ಆ ಬಾಗಿಲಿನಾಚೆ ಮಲಗಿಸಿದ್ದಾರೆ, ನನಗೆ ಚಾದರದ ಚಿಂತೆ. ಇಪ್ಪತ್ತು ನಿಮಿಷ ಅಂದಿದ್ದರು ಡಾಕ್ಟರು, ಮೂವತ್ತೈದಾಯಿತು, ಗಾಬರಿ ಬೇಡ, ಮಕ್ಕಳ ಮೂಳೆ ಬೇಗ ಕೂಡುತ್ತೆ ಅಂದರು, ಕೂಡುತ್ತದೆ, ಆದರೆ ಅರಿವಳಿಕೆ ಕೊಟ್ಟ ಮೇಲೆ ಏಳಬೇಕಲ್ಲ, ದೇವರೇ, ಆರು ವರ್ಷದ್ದು, ಎಡಗೈ ಯಾವುದು ಬಲಗೈ ಯಾವುದು ಅಂತ ಇನ್ನೂ ನಮ್ಮ ಮುಖ ನೋಡುವಂಥದ್ದು — ಪ್ರಾರ್ಥನೆ ಅಲ್ಲಿಗೇ ತುಂಡಾಗುತ್ತದೆ, ನಡುವೆ ಆ ಲೇಸು ಬರುತ್ತದೆ, ಬಲಗಾಲಿನ ಶೂವಿನ ಬಿಳಿ ಲೇಸು, ಬಿಚ್ಚಿಕೊಂಡು ಸ್ಟ್ರೆಚರಿನ ಅಂಚಿನಿಂದ ತೂಗಾಡುತ್ತಿದ್ದದ್ದು. ನಾನು ಕೆಲಸದಿಂದ ಓಡಿ ಬಂದಾಗ ಮೊದಲು ಕಂಡದ್ದು ಅದು, ಕೈಯಲ್ಲ, ಮುಖವಲ್ಲ. ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ಅದನ್ನು ಕಟ್ಟಿದವನು ನಾನು, ತಾಯಿ ಮಗಳು ಇಬ್ಬರೂ ಪಾರ್ಕಿಗೆ ಹೊರಟಿದ್ದರು, ನನಗೆ ಬಸ್ಸಿನ ಹೊತ್ತು, ಅಪ್ಪಾ, ಎರಡು ಗಂಟು, ಅಮ್ಮ ಎರಡು ಹಾಕ್ತಾಳೆ, ಒಂದು ಸಾಕು ಬಿಡು ಪುಟ್ಟಿ, ಬಿಚ್ಚಲ್ಲ. ಜಾರುಬಂಡೆಯ ಏಣಿಯಲ್ಲಿ ಬಿಚ್ಚಿತು, ತುಳಿದು ಬಿದ್ದಳು. ಅದನ್ನು ಕಂಡೂ ನಾನು ಇವಳತ್ತ, ಹೆಂಡತಿಯತ್ತ, ತಿರುಗಿ, ಎಲ್ಲರೆದುರು, ನೀನು ಎಲ್ಲಿ ನೋಡ್ತಿದ್ದೆ ಅಂದೆ. ನರ್ಸಮ್ಮ ಕೂಡ ತಲೆ ತಗ್ಗಿಸಿದರು. ಇವಳು ಮಗಳ ಶೂ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಳು, ಈಗ ಬೆಂಚಿನ ಆ ತುದಿಯಲ್ಲಿ ಕೂತಿದ್ದಾಳೆ, ಬ್ಯಾಗು ಮಡಿಲಲ್ಲಿ, ಎರಡೂ ಕೈ ಬ್ಯಾಗಿನೊಳಗೆ, ಏನು ಹುಡುಕುತ್ತಿದ್ದಾಳೋ. ನಮ್ಮಿಬ್ಬರ ನಡುವೆ ಮೂರು ಜನ ಕೂರುವಷ್ಟು ಜಾಗ. ನನ್ನಜ್ಜಿ ಪದ್ಯ ಹೇಳುವಾಗ ಸಾಲಿನ ನಡುವೆ ನಿಲ್ಲುತ್ತಿದ್ದಳು, ಮರೆತೆಯಾ ಅಜ್ಜಿ ಅಂದರೆ, ಇಲ್ಲವೋ, ಇದು ಉಸಿರು ತಗೊಳ್ಳೋ ಜಾಗ, ಇಲ್ಲಿ ಏನೂ ತುರುಕಬಾರದು. ಆ ಜಾಗದಲ್ಲೇ ನಾನು ಇವತ್ತು ಆ ಮಾತು ತುರುಕಿದೆ. ಆ ಜಾಗ ಬಿಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಲಾಂಡ್ರಿಯಲ್ಲಿ ಚಾದರ ಮಡಿಸುವ ಜೋಡಿಯಾಗಿದ್ದವರು ನಾವು, ಆಚೆ ತುದಿಗೆ ಅವಳು, ಈಚೆ ತುದಿಗೆ ನಾನು, ಮೊದಲ ದಿನವೇ ಜೋರಾಗಿ ಎಳೆದು ಅವಳ ಕೈಯಿಂದ ಮೂಲೆ ಜಾರಿಸಿದೆ, ಏನ್ರೀ ಇದು, ಹಗ್ಗಜಗ್ಗಾಟಕ್ಕೆ ಸೇರಿದ್ದೀರಾ, ಅಂದಳು, ಅಲ್ಲಿದ್ದವರೆಲ್ಲ ನಕ್ಕರು, ನಾನು ಆ ನಗುವನ್ನೇ ಮದುವೆಯಾದೆ. ಆಮೇಲೆ ಮಗಳು, ಎರಡು ತಿಂಗಳ ಕೂಸು, ದಿನಾ ಸಂಜೆ ನಿಲ್ಲದ ಅಳು, ಒಂದು ಸಂಜೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯ್ದು ಇನ್ನೇನು ಆಡಬಾರದ್ದು ಆಡಬೇಕು, ಅಷ್ಟರಲ್ಲಿ ಅವಳು ಒಗೆದ ರಾಶಿಯಿಂದ ಒಂದು ಹೊದಿಕೆ ಎಳೆದು ಎರಡು ಮೂಲೆ ನನ್ನತ್ತ ಚಾಚಿದಳು. ಜಗ್ಗಿದರೆ ಜಾರುತ್ತದೆ, ಬಿಟ್ಟರೆ ಜೋಲುತ್ತದೆ, ಅವಳಷ್ಟೇ ಬಿಗಿ ನಾನೂ ಹಿಡಿಯಬೇಕು, ಒಂದೊಂದು ಮಡಿಕೆಗೂ ಒಂದು ಹೆಜ್ಜೆ ಹತ್ತಿರ, ಕೊನೆಗೆ ಕೈಗೆ ಕೈ ತಾಗುವ ಹೊತ್ತಿಗೆ ಉಸಿರು ಇಳಿದಿತ್ತು, ಮಗು ತನ್ನ ಪಾಡಿಗೆ ಅಳುತ್ತಲೇ ಇತ್ತು, ನಾವು ಅಳುತ್ತಿರಲಿಲ್ಲ. ಅಂದಿನಿಂದ ಅದೇ ರೂಢಿ. ಇವತ್ತು ಯಾವ ಮುಖ ಇಟ್ಟುಕೊಂಡು ಮೂಲೆ ಚಾಚಲಿ, ಆ ಗಂಟು ನನ್ನದು ಅಂತ ಮೊದಲು ಹೇಳಬೇಕು, ಹೇಳಿದರೆ ಜೀವಮಾನವಿಡೀ ಅವಳು — ಮತ್ತೆ ಲೇಸು, ತೂಗಾಡುತ್ತ.

ಇವಳೇ ಎದ್ದಳು. ಬ್ಯಾಗಿನಿಂದ, ಪಾರ್ಕಿನಲ್ಲಿ ಕೂರಲು ಒಯ್ದ ಹಳೇ ಚಾದರ ಮುದ್ದೆಯಾಗಿ ಹೊರಬಂತು, ಅಂಟಿದ ಹುಲ್ಲು ಆಸ್ಪತ್ರೆಯ ನೆಲಕ್ಕೆ ಉದುರಿತು, ಎರಡು ಮೂಲೆ ನನ್ನ ಮುಂದೆ. ಹಿಡಿದೆ. ಅವಳು ತುಸು ಬಿಗಿ ಮಾಡಿದಳು, ನಾನೂ ಮಾಡಿದೆ, ಒಂದು ಮಡಿಕೆ, ಎರಡು, ಒಂದು ಹೆಜ್ಜೆ, ಅವಳ ಬೆರಳು ತಣ್ಣಗಿದೆ, ಈಗ ಹೇಳದಿದ್ದರೆ ಇನ್ನು ಹೇಳಲಾರೆ, ಇವಳೇ, ಆ ಲೇಸ್ ಕಟ್ಟಿದ್ದು ನಾನು, ಒಂದೇ ಗಂಟು ಹಾಕಿದ್ದೆ. ಗೊತ್ತು ರೀ, ಪಾರ್ಕಲ್ಲೇ ನೋಡಿದೆ, ಅಂದಳು. ಮತ್ತೆ ನಾನು ಹಾಗಂದಾಗ ಯಾಕೆ ಹೇಳ್ಲಿಲ್ಲ. ಹೇಳಿದ್ರೆ ಅಲ್ಲೇ ಕುಸಿದುಬಿಡ್ತಿದ್ರಿ, ಒಳಗೆ ಒಬ್ಬಳು, ಹೊರಗೆ ಒಬ್ಬರು, ಎಷ್ಟು ಜನಾನ ಎತ್ತಲಿ ನಾನು. ಅವಳ ಧ್ವನಿ ಅಲ್ಲಿ ಒಡೆಯಿತು, ನಾನು ಕೈ ಬಿಡಲಿಲ್ಲ, ಚಾದರ ನಮ್ಮಿಬ್ಬರ ನಾಲ್ಕು ಕೈಯೊಳಗೆ ಸಣ್ಣ ದಿಂಬಿನಷ್ಟಾಗಿ — ಬಾಗಿಲು ತೆರೆದು ನರ್ಸಮ್ಮ, ಎದ್ದಳು ನಿಮ್ಮ ಮಗಳು, ಶೂ ಎಲ್ಲಿ ಅಂತ ಗಲಾಟೆ ಮಾಡ್ತಿದ್ದಾಳೆ ಬನ್ನಿ, ಎದ್ದಳು, ದೇವರೇ, ಎದ್ದಳು, ಇವಳು ಬ್ಯಾಗಿಗೆ ಕೈ ಹಾಕಿ ಶೂ ತೆಗೆದಳು, ಎಡಗಾಲಿನದು, ಬಲಗಾಲಿನದು, ಲೇಸು ತೂಗಾಡುತ್ತಿಲ್ಲ, ಒಳಗೆ ಕಾಲಿಲ್ಲದ ಪುಟ್ಟ ಶೂ, ಅದರ ಮೇಲೆ ಬಿಗಿಯಾಗಿ ಒಂದು ಗಂಟು, ಅದರ ಮೇಲೆ ಇನ್ನೊಂದು.