ಫೋಲ್ಡರು ತಪ್ಪಿದ ಮೆಸೇಜು

ಸೊಸೆ ಪ್ರೋಗ್ರಾಮರ್ ಅಂದಮೇಲೆ ಮನೆಯವರು ಸುಮ್ಮನಿರುತ್ತಾರೆಯೇ? ನೆಲಮಹಡಿಯಲ್ಲಿ ಅತ್ತೆಯ ಬ್ಯೂಟಿ ಪಾರ್ಲರ್, ಎದುರು ಸಾಲಿನಲ್ಲಿ ಮೈದುನನ ನಾಯಿ ಸ್ನಾನದ ಅಂಗಡಿ. ಇಬ್ಬರದೂ ಒಂದೇ ಹಟ: ಕೆಲಸ ಮುಗಿದ ಕೂಡಲೇ, ಕರೆದೊಯ್ಯಬೇಕಾದವರ ಫೋನಿಗೆ ತಾನಾಗಿ ಮೆಸೇಜು ಹೋಗಬೇಕು.

ಅವಳು ಇಬ್ಬರ ಕೋಡನ್ನೂ ಒಂದೇ ರೆಪೊದಲ್ಲಿ, ಅಂದರೆ ಕೋಡಿನ ಒಂದೇ ಉಗ್ರಾಣದಲ್ಲಿ, ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದಳು. ಕೂಡುಕುಟುಂಬಕ್ಕೆ ಒಂದೇ ಅಡುಗೆಮನೆ ಸಾಕಲ್ಲವೇ! ಸರ್ವರ್ ಸಾಕುವ ತಾಪತ್ರಯವೂ ಇರಲಿಲ್ಲ. ಕರೆದಾಗ ಎದ್ದು, ಹೇಳಿದ್ದು ಮಾಡಿ, ಮತ್ತೆ ಮಲಗುವ ಪುಟ್ಟ ಫಂಕ್ಷನ್ನುಗಳನ್ನು ಕ್ಲೌಡಿಗೆ ಏರಿಸಿದರೆ ಮುಗಿಯಿತು. ಮೈದುನನದು ಆಗಲೇ ಏರಿತ್ತು. ಶನಿವಾರ ಬೆಳಿಗ್ಗೆ ಅದೇ ಸೆಟ್ಟಿಂಗನ್ನು ನಕಲು ಮಾಡಿ, ಅಂಗಡಿಯ ಹೆಸರು ಬದಲಿಸಿ, ಅತ್ತೆಯದನ್ನೂ ಏರಿಸಲು ಡಿಪ್ಲಾಯ್ ಗುಂಡಿ ಒತ್ತಿದಳು. ಹಸಿರು ಗುರುತು ಬಂತು. ಗೆದ್ದವಳಂತೆ ಕೆಳಗಿಳಿದಳು.

ಪಾರ್ಲರಿನಲ್ಲಿ ನಿವೃತ್ತ ಜಡ್ಜಮ್ಮ ಕನ್ನಡಿಯ ಮುಂದೆ ಕತ್ತು ಅತ್ತಿತ್ತ ತಿರುಗಿಸಿ ಕೂದಲು ನೋಡಿಕೊಳ್ಳುತ್ತಿದ್ದರು. ಅತ್ತೆ 'ಮುಗಿಯಿತು' ಎಂಬ ಗುಂಡಿ ಒತ್ತಿದ್ದೇ ತಡ, ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಜಡ್ಜಮ್ಮನ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಒಳಗೆ ಬಂದರು.

"ಏನು ಬಂದಿದೆ ಕೇಳೇ," ಎಂದು ಫೋನು ಎತ್ತಿ ಓದಿದರು: "ನಿಮ್ಮ ಮುದ್ದಿಗೆ ಸ್ನಾನ ಆಗಿದೆ. ಉಗುರು ಕತ್ತರಿಸಿದ್ದೇವೆ. ಸ್ವಲ್ಪ ಗುರುಗುಟ್ಟಿತು, ಕಚ್ಚಲಿಲ್ಲ. ಚಿಗಟ ಇಲ್ಲ. ಬಂದು ಕರೆದುಕೊಂಡು ಹೋಗಿ."

ಸೊಸೆಗೆ ತಕ್ಷಣ ತಪ್ಪು ಹೊಳೆಯಿತು. ಹೆಸರು ಬದಲಿಸಿದ್ದಳೇ ಹೊರತು, ಕೋಡನ್ನು ಯಾವ ಫೋಲ್ಡರಿನಿಂದ ಎತ್ತಿಕೊಳ್ಳಬೇಕೆಂಬ ಸಾಲನ್ನು ಮುಟ್ಟಿಯೇ ಇರಲಿಲ್ಲ. ಅತ್ತೆಯ ಪಾರ್ಲರಿನಲ್ಲಿ ಮೈದುನನ ಫಂಕ್ಷನ್ ಬಂದು ಕೂತಿತ್ತು.

"ಯಾರ ಕೆಲಸ ಇದು?" ಎಂದರು ಜಡ್ಜಮ್ಮ. ಆ ದನಿಗೆ ಪಕ್ಕದ ಹುಡುಗಿ ಹೇರ್ ಡ್ರೈಯರ್ ಆರಿಸಿಬಿಟ್ಟಳು.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡ್ಡ ಬಂದರು. ಸೊಸೆ ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುವ ಹೆಂಗಸು ನಿಜ. ಆದರೆ ಬೈಯುವ ಹಕ್ಕನ್ನು ಹೊರಗಿನವರಿಗೆ ಬಿಟ್ಟುಕೊಡುವವರಲ್ಲ.

"ಅದ್ರಲ್ಲಿ ಸುಳ್ಳೇನಿದೆ ಹೇಳಿ ಮೇಡಂ? ತಲೆ ತೊಳೆದಿದ್ದಾಯ್ತು. ಉಗುರು ಕತ್ತರಿಸಿದ್ದಾಯ್ತು. ನೀರು ಬಿಸಿ ಅಂತ ನೀವು ಗುರ್ ಅಂದಿದ್ದಕ್ಕೆ ಸಾಕ್ಷಿ ಇದ್ದಾರೆ."

"ಕಚ್ಚಲಿಲ್ಲ ಅನ್ನೋದೊಂದನ್ನ ನಾನು ನಂಬಲ್ಲ," ಎಂದರು ಯಜಮಾನರು.

ಜಡ್ಜಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ಆಮೇಲೆ ತುಟಿ ಅದುರಿತು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬರುವಷ್ಟು ನಗು ಉಕ್ಕಿತು. "ಚಿಗಟ ಇಲ್ಲ ಅಂತ ತೀರ್ಪು ಕೊಟ್ಟಿದ್ದೀರಲ್ಲ, ಅಷ್ಟು ಸಾಕು," ಎಂದು ಗಂಡನ ತೋಳು ಹಿಡಿದು ಹೊರಟರು.

ಸೊಸೆ ಮೇಲೆ ಓಡಿ ಸಾಲು ತಿದ್ದಿ ಮತ್ತೆ ಏರಿಸಿದಳು. ಈ ಸಲ ಮೊದಲು ತನ್ನ ಫೋನಿಗೇ ಕಳಿಸಿಕೊಂಡು, ಅತ್ತೆಗೆ ತಂದು ತೋರಿಸಿದಳು: "ನಿಮ್ಮವರ ಸೇವೆ ಪೂರ್ಣಗೊಂಡಿದೆ. ಧನ್ಯವಾದಗಳು."

"ತಪ್ಪಾಯ್ತು ಅತ್ತೆ. ಈಗ ಸರಿಯಾಗಿದೆ."

ಅತ್ತೆ ಓದಿ ಮೂಗು ಮುರಿದರು. "ಎಷ್ಟು ಸಪ್ಪೆಯಾಗಿದೆಯಲ್ಲೇ! ಆ ಮನುಷ್ಯ ಕಾರಿಂದ ಇಳಿದು ಒಳಗೆ ಕಾಲಿಟ್ಟಿದ್ದು ಇವತ್ತೇ ಮೊದಲು. ಆ ಗುರುಗುಟ್ಟೋ ಸಾಲು ವಾಪಸ್ ಹಾಕು. ಚಿಗಟದ್ದು ಬೇಡ."

"ಎಲ್ಲರಿಗೂನಾ?"

"ಛೆ, ಗುರುಗುಟ್ಟಿದವರಿಗೆ ಮಾತ್ರ. ಬೇರೆ ಗುಂಡಿ ಮಾಡಿಕೊಡು, ನಾನು ನೋಡಿ ಒತ್ತುತೀನಿ."

ಸಂಜೆಯೊಳಗೆ ಗುಂಡಿ ಸಿದ್ಧವಾಯಿತು. ಅತ್ತೆ ಅದನ್ನು ಮೊದಲು ಒತ್ತಿದ್ದು ಸ್ವಂತ ತಂಗಿಗೆ.