ಏಣು ತುಂಬುವ ತನಕ

ಕುಡುಗೋಲಿನ ಎರಡನೇ ಏಟಿಗೆ ಬಾಳೆಗೊನೆ ಅವನ ಹೆಗಲ ಮೇಲೆ ಬಿತ್ತು. ತೊಟ್ಟಿನಿಂದ ಸುರಿದ ರಸ ಅಂಗಿಯ ತೋಳನ್ನು ತೋಯಿಸಿತು. ಬಾಳೆಯ ಕಲೆ ಹೋಗುವುದಿಲ್ಲ ಎಂದು ಹೆಂಡತಿ ಸುನಂದಾ ಬೈಯುತ್ತಿದ್ದದ್ದು ನೆನಪಾಗಿ ಅಮರನಾಥ ಕಿಟಕಿಯ ಕಡೆ ನೋಡಿದ. ಒಳಗೆ ಅವಳಿಗೆ ಗುಳಿಗೆಯ ನಿದ್ದೆ. ಹನ್ನೊಂದರ ತನಕ ಏಳುವುದಿಲ್ಲ.

"ಅಕ್ಕಾಗ ಕೇಳೀರೇನು ಭಾಯಿ?" ಪಕ್ಕದ ಮನೆಯ ಮಸ್ತಾನಬಿ ಗೋಡೆಯ ಮೇಲಿಂದ ಇಣುಕಿದಳು. "ನಾನು ಒಂದು ಎಸಳು ಕರಿಬೇವು ಕಿತ್ತರೂ ಹಾಜರಿ ತಗೋತಿದ್ಲು."

"ಕೇಳಿದರ ಬ್ಯಾಡ ಅಂತಾಳ."

"ಅದಕ್ಕ ಕೇಳಬೇಕ್ರಿ."

ಅವನು ಗಿಡವನ್ನೂ ಕಡಿದ. ಒಮ್ಮೆ ಗೊನೆ ಬಿಟ್ಟ ಗಿಡ ಮತ್ತೆ ಬಿಡುವುದಿಲ್ಲ, ಅಷ್ಟು ಅವನಿಗೆ ಗೊತ್ತಿತ್ತು. ಕಿಟಕಿಯ ಜಾಳಿಗೆಗೆ ತಿಕ್ಕುತ್ತಿದ್ದ ಎಲೆಗಳೆಲ್ಲ ಸದ್ದು ಮಾಡುತ್ತ ಕೆಳಗೆ ಬಂದವು. ಬುಡದಲ್ಲಿ ಚಿಗುರಿದ್ದ ಮೊಣಕಾಲುದ್ದದ ಒಂದು ಕಂದು ಮಾತ್ರ ಉಳಿಯಿತು.

ಖೂಬಾ ಪ್ಲಾಟ್ ಬಡಾವಣೆಯ ಈ ಹಿತ್ತಲಲ್ಲಿ ಎಂಟು ವರ್ಷದ ಹಿಂದೆ ಹಾಸುಗಲ್ಲು ಬಿಟ್ಟರೆ ಏನೂ ಇರಲಿಲ್ಲ. ಸುನಂದಾ ಒಂದೊಂದೇ ಕಲ್ಲು ಎಬ್ಬಿಸಿ, ಒಂದು ಕಲ್ಲಿನ ಜಾಗಕ್ಕೆ ಒಂದು ಗಿಡ ಇಟ್ಟಳು. ಕರಿಬೇವನ್ನು ಮೂರು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ. ನಿಂಬೆ ಐದನೇ ವರ್ಷ ಹೂ ಬಿಟ್ಟಿತು. "ಪ್ಯಾಟ್ಯಾಗ ಸಿಗೂದಿಲ್ಲೇನು?" ಎಂದು ಅವನು ಕಾಡುತ್ತಿದ್ದ. "ಸಿಗತದ. ಪ್ಯಾಟಿಗೇ ಹೋಗಿ ಇರ್ರಿ," ಎನ್ನುತ್ತಿದ್ದಳು. ಹೋದ ವರ್ಷ ತವರು ಕಮಲಾಪುರದಿಂದ ಕೆಂಪು ಬಾಳೆಯ ಕಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಸೀರೆಯ ತುಂಬ ಮಣ್ಣು.

ಈ ಯುಗಾದಿಗೆ ಅದು ಹೂ ಹಾಕಿತು. ಅದೇ ತಿಂಗಳು ಅವಳ ಹೊಟ್ಟೆಯ ಗಂಟು ಗೊತ್ತಾಯಿತು.

ಹಾಸಿಗೆ ಹಿಡಿದ ಮೇಲೆ ಅವಳು ಕೇಳಿದ್ದು ಇಷ್ಟೇ: ಆ ಗಿಡದ ಒಂದು ಹಣ್ಣು ತಿನ್ನಬೇಕು. "ಇನ್ನೂ ಎರಡು ತಿಂಗಳು ಬೇಕ್ರಿ," ಎಂದು ತಾನೇ ಹೇಳುತ್ತಿದ್ದಳು. ಎರಡು ತಿಂಗಳ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೊರಗೆ ಕರೆದು ಅವನೊಬ್ಬನಿಗೆ ಹೇಳಿದ್ದರು. ಇವತ್ತು ಬೆಳಿಗ್ಗೆ, ಅಳಿಲಿಗೆ ಹೆದರಿ ಅವಳು ಸುತ್ತಿಸಿದ್ದ ಹಳೆಯ ಸೀರೆಯನ್ನು ಸರಿಸಿ ನೋಡಿದರೆ ಗೊನೆ ಪೂರಾ ಕೆಂಪಗಿತ್ತು. ಜ್ವರದಲ್ಲಿ ಅವಳ ಲೆಕ್ಕ ತಪ್ಪಿರಬೇಕು ಅನ್ನಿಸಿತು. ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ಹುಟ್ಟಿ ಬೆಳೆದವನು ಅಮರನಾಥ. ತೊಗರಿ ಕಾಳನ್ನು ಹಲ್ಲಿಗೆ ಇಟ್ಟರೆ ಎಷ್ಟು ತೇವ ಇದೆ ಎಂದು ಹೇಳಬಲ್ಲ. ಬಾಳೆಯಲ್ಲಿ ಅವನಿಗೆ ಗೊತ್ತಿದ್ದದ್ದು ಬಣ್ಣ ಒಂದೇ.

ಗೊನೆಯನ್ನು ಹುಲ್ಲು ತುಂಬಿದ ಗೋಣಿಚೀಲದಲ್ಲಿ ಇಟ್ಟ. ದಿನಾ ಕೈ ಹಾಕಿ ನೋಡಿದ. ಸಿಪ್ಪೆ ಸುಕ್ಕಾಯಿತು, ಕಪ್ಪಾಯಿತು, ಮೆತ್ತಗಾಗಲಿಲ್ಲ. ಆರನೇ ದಿನ ಒಂದು ಕಾಯಿ ಕೈಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದ.

ಸುನಂದಾಳ ತಮ್ಮ ದತ್ತಪ್ಪ ತನ್ನ ತೋಟದಲ್ಲಿ ನಿಂತು ಆ ಕಾಯಿಯ ಮೇಲೆ ಹೆಬ್ಬೆರಳು ಓಡಿಸಿದ.

"ಭಾವಾರ, ಇದು ಎಳೇದಿದ್ದಾಗಲೇ ಕೆಂಪು. ಬಣ್ಣ ನೋಡಬಾರದು, ಏಣು ನೋಡಬೇಕು. ಈ ಅಂಚು ಚೂಪಗ ಹತ್ತತದಲ್ಲ, ಇದು ತುಂಬಿ ದುಂಡಗ ಆಗಬೇಕು. ಇನ್ನೂ ಎರಡು ತಿಂಗಳು ಗಿಡದಾಗ ಇರಬೇಕಿತ್ತು."

ಅಮರನಾಥ ಕಾಯಿಯನ್ನು ತಿರುಗಿ ಕೈಚೀಲಕ್ಕೆ ಹಾಕಿಕೊಂಡ.

"ಅಕ್ಕಾಗ ಗೊತ್ತದೇನು?"

"ಇಲ್ಲ."

ದತ್ತಪ್ಪ ಒಳಗೆ ಹೋಗಿ ನಾಲ್ಕು ಹಣ್ಣುಗಳನ್ನು ಪೇಪರಿನಲ್ಲಿ ಸುತ್ತಿ ತಂದ. "ಆಕಿ ಕಂದು ಒಯ್ದಳಲ್ಲ, ಅದೇ ಬುಡದ ಹಣ್ಣು. ರುಚಿ ಒಂದೇ. ನಿಮ್ಮ ಗಿಡದ್ದೇ ಅನ್ರಿ."

ಬಸ್ಸಿನಲ್ಲಿ ಬರುವಾಗ ಅಮರನಾಥ ಆ ಮಾತನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಬಂದ.

ಮಧ್ಯಾಹ್ನ ಅವಳು ದಿಂಬಿಗೆ ಒರಗಿ ಕುಳಿತಿದ್ದಳು. ತಾಟಿನಲ್ಲಿ ಹಣ್ಣು ಇಟ್ಟು ಮುಂದೆ ಹಿಡಿದ.

"ನಮ್ಮ ಗಿಡದ್ದು. ಹಣ್ಣಾಗ್ಯಾವ."

ಸುನಂದಾ ಒಂದನ್ನು ಎತ್ತಿಕೊಂಡಳು. ತಮ್ಮನ ಹಾಗೆಯೇ ಹೆಬ್ಬೆರಳು ಓಡಿಸಿದಳು, ಮೂಸಿದಳು, ತಿರುಗಿ ತಾಟಿನಲ್ಲಿಟ್ಟಳು.

"ದತ್ತು ಹ್ಯಾಂಗ ಅದಾನ?"

ಅವನು ಅಂಗಿಯ ತೋಳನ್ನು ನೋಡಿಕೊಂಡ. ಕಲೆ ಹಾಗೇ ಇತ್ತು.

"ಚೆಂದ ಅದಾನ," ಎಂದ.

"ಕಿಟಕಿಗೆ ಎಲಿ ತಿಕ್ಕೂ ಸಪ್ಪಳ ನಿಂತು ಆರು ದಿನ ಆತು. ನೀವ ಹೇಳತೀರಿ ಅಂತ ಕಾದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಕಂದು ಬಿಟ್ಟೀರಿ, ಹೌದಿಲ್ಲೊ?"

"ಬಿಟ್ಟೀನಿ."

"ಕಡದ ಗಿಡಾನ ಹೆಚ್ಚಿ ಅದರ ಬುಡಕ್ಕ ಹಾಕ್ರಿ. ಮುಂದಿನ ವರ್ಷ ಗೊನಿ ಬಿಡತದ. ಏಣು ತುಂಬೂತನ ಮುಟ್ಟಬ್ಯಾಡ್ರಿ."

ಅವನು ಹಣ್ಣು ಸುಲಿದ. ಒಂದು ತುಣುಕು ಮುರಿದು ಅವಳ ತುಟಿಯ ಹತ್ತಿರ ಹಿಡಿದ.

"ಒಂದೇ ತುಣುಕು, ಸುನಂದಾ. ಅದೇ ಬುಡದ್ದಂತ. ರುಚಿ ಒಂದೇ ಅಂತ."

"ಒಲ್ಲೆ," ಎಂದಳು.