ಮೀಸೆ ಬಂದ ದನಿ

“ನಾಗಲಕ್ಷ್ಮಿ ದನಿಗೆ ಮೀಸಿ ಬಂದೈತಲ್ರೀ!” ಎಂದು ಹೆಡ್‌ಮಾಸ್ತರ್ ತಿಪ್ಪೇರುದ್ರಪ್ಪ ಅಂದದ್ದೇ ತಡ, ಏಳನೇ ತರಗತಿಯ ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು.

ಕುರುಗೋಡಿನ ಆ ಸರಕಾರಿ ಶಾಲೆಯಲ್ಲಿ ಅಂದು ಪಾಲಕರ ಸಭೆ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ದೊಡ್ಡವರು ಕೂತಿದ್ದರು. ಮಕ್ಕಳು ಗೋಡೆಗುಂಟ ನಿಂತಿದ್ದರು. ಮೇಜಿನ ಮೇಲಿನ ಲ್ಯಾಪ್‌ಟಾಪಿನಿಂದ ಒಂದು ಗಂಡುದನಿ, ಹಿಂದೆ ಹೊಲಿಗೆ ಮಷಿನ್ನಿನ ಗರಗರ ಸಮೇತ, ತಡವರಿಸುತ್ತ ಓದುತ್ತಿತ್ತು: “ಮಳೆ ನಿಂತ ಮೇಲೆ ಅಜ್ಜಿ ಅಂಗಳಕ್ಕೆ ಬಂದಳು. ಅಗ್ಗದ ಮೇಲೆ ಆಕಿದ್ದ ಬಟ್ಟೆಗಳು ಆರಿ ಓಗಿದ್ದವು.”

“ಅಗ್ಗದ ಬಟ್ಟಿ ಅಂತ! ಹಗ್ಗ ಅನ್ನಾಕ ಬಾಯಿ ಹೊರಳವಲ್ದು.” ಮಾಸ್ತರು ಕನ್ನಡಕದ ಮೇಲಿಂದ ಹಿಂದಿನ ಬೆಂಚಿನ ಕಡೆ ನೋಡಿದರು. “ಎಲ್ಲಿ ಸಿಗ್ತಾವಪ್ಪ ಅಷ್ಟು ಅಗ್ಗದ ಬಟ್ಟಿ? ನಿಮ್ಮ ಬಳ್ಳಾರಿ ಜೀನ್ಸ್ ಶೆಡ್ಡಿನಾಗೇನು? ಎದ್ದು ನಿಂದ್ರಲೇ ಅಂಜಿನಿ. ತಂಗಿ ಪಾಠ ಅಣ್ಣ ಒಪ್ಪಿಸಿದ್ರ, ನಾಳಿ ಆಕಿ ಲಗ್ನಕ್ಕೂ ಸೀರಿ ಉಟ್ಕೊಂಡು ನೀನೇ ಕುಂದ್ರತೀಯೇನು?”

ಅಪ್ಪನ ಬದಲು ಬಂದಿದ್ದ ಅಂಜಿನಿ ಎದ್ದು ನಿಂತ. ವಯಸ್ಸು ಇಪ್ಪತ್ತೆರಡು. ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಹತ್ತಿದಂತಾಗಿತ್ತು. ಆ ಪಾಠವನ್ನು ಅವನು ಇಪ್ಪತ್ತಾರು ಸಲ ಓದಿದ್ದ. ಇಪ್ಪತ್ತಾರೂ ಆ ಲ್ಯಾಪ್‌ಟಾಪಿನಲ್ಲೇ ಇದ್ದವು. ಮಾಸ್ತರು ಹುಡುಕಿ ತೆಗೆದದ್ದು ಮೊದಲನೆಯದನ್ನು.

ಓದಿಸುವ ಆ ಆ್ಯಪ್ ಶಾಲೆಗೆ ಬಂದದ್ದು ಜೂನ್ ತಿಂಗಳಲ್ಲಿ. ಸಿರುಗುಪ್ಪ ಕಡೆಯಿಂದ ಬಂದು ನೆಲೆ ನಿಂತ ಮನೆಗಳಲ್ಲಿ ಒಲೆ ಮುಂದಿನ ಮಾತು ತೆಲುಗು. ಶಾಲೆಯಲ್ಲಿ ಕಲಿತ ಕನ್ನಡವನ್ನು ಮಕ್ಕಳು ಚಪ್ಪಲಿಯ ಜೊತೆ ಹೊಸಿಲಾಚೆ ಬಿಟ್ಟು ಒಳಗೆ ಹೋಗುತ್ತಾರೆ ಎಂಬುದು ತಿಪ್ಪೇರುದ್ರಪ್ಪನವರ ಬಹಳ ವರ್ಷದ ಸಂಕಟ. ಅವರಿವರ ಬಾಗಿಲು ತಟ್ಟಿ, ಯಾವುದೋ ಸಂಸ್ಥೆಯಿಂದ ನಲವತ್ತು ನಂಬರು ತಂದಿದ್ದರು. ಒಂದು ಮಗುವಿಗೆ ಒಂದು ನಂಬರು. ಮನೆಯ ಫೋನಿನಲ್ಲಿ ಅದನ್ನು ಒತ್ತಿದರೆ ಪಾಠ ತೆರೆದುಕೊಳ್ಳುತ್ತದೆ. ಮಗು ಗಟ್ಟಿಯಾಗಿ ಓದಬೇಕು. ಸರಿ ಇದ್ದ ಪದ ಹಸಿರು, ತಪ್ಪಿದ್ದು ಕೆಂಪು. ಓದಿದ್ದೆಲ್ಲ ಶಾಲೆಯ ಲ್ಯಾಪ್‌ಟಾಪಿಗೆ ಹೋಗಿ ಕೂರುತ್ತದೆ. ಕೂತು ಕೇಳಲು ಮಾತ್ರ ಯಾರಿಗೂ ಪುರಸೊತ್ತಿರಲಿಲ್ಲ. ಅಂಕ ನೋಡಿ ಸುಮ್ಮನಾಗುತ್ತಿದ್ದರು.

ಅಂಜಿನಿಯ ಮನೆಯಲ್ಲಿ ಅಂಥ ಫೋನು ಇದ್ದದ್ದು ಅವನ ಹತ್ತಿರ ಒಂದೇ. ಅಪ್ಪ ಸುಂಕಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಅವ್ವನದು ಗುಂಡಿ ಒತ್ತುವ ಫೋನು. ನಾಗಲಕ್ಷ್ಮಿ ಎರಡು ತಿಂಗಳು ಸಂಜೆ ಸಂಜೆ ಅಣ್ಣನ ಫೋನು ಕಸಿದುಕೊಂಡು ಓದಿದಳು. ಮುಂದೆ ಅವಳಿಗೆ ಅದು ಬೇಕೇ ಆಗಲಿಲ್ಲ. ಶಾಲೆಯ ಕಪಾಟಿನ ಪುಸ್ತಕಗಳನ್ನೇ ಹೊತ್ತು ತಂದು ಗಟಗಟ ಕುಡಿದಂತೆ ಓದುವ ಹುಡುಗಿ. “ನಂಗ ಅದು ಬ್ಯಾಸರ ಅಣ್ಣ, ನೀನೇ ಆಡ್ಕ” ಎಂದು ಬಿಟ್ಟುಕೊಟ್ಟಳು.

ಅವನು ಅದನ್ನು ಮೊದಲು ತೆರೆದದ್ದು ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಸುಮ್ಮನೆ ತಮಾಷೆಗೆ. ಎಲ್ಲಕ್ಕಿಂತ ಕೆಳಗಿನ ಪಾಠ. ಒಂದು ಮನೆಯ ಚಿತ್ರ, ಇದೇನೆಂದು ಕೇಳಿತು. ಅವನ ಬಾಯಿಂದ ತೆಲುಗೇ ಜಾರಿತು: “ಇಲ್ಲು.” ಅದಕ್ಕೆ ಕೇಳಿಸಿದ್ದು ಕನ್ನಡ. ‘ಇಲ್ಲ’ ಎಂದು ಬರೆದುಕೊಂಡಿತು. “ಇದೆ, ನೋಡಿ. ಚಿತ್ರವನ್ನು ಗಮನಿಸಿ ಮತ್ತೊಮ್ಮೆ ಹೇಳಿ” ಎಂದಿತು ಹೆಣ್ಣುದನಿ. ಅಂಜಿನಿಗೆ ನಗು ಬಂತು. “ಮನಿ” ಎಂದ. ಅದೂ ಕೆಂಪು. ಇಲ್ಲು ತಪ್ಪು, ಮನಿ ತಪ್ಪು. ಅವನಿಗೆ ಗೊತ್ತಿದ್ದ ಯಾರೂ ವಾಸವಿರದ, ಪುಸ್ತಕದ ‘ಮನೆ’ ಮಾತ್ರ ಸರಿ! ಸಿಟ್ಟಿಗೆ ಫೋನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಆದರೆ ಆ ದನಿ, “ಪರವಾಗಿಲ್ಲ, ನೀವು ಪ್ರಯತ್ನಿಸುತ್ತಿದ್ದೀರಿ” ಎಂದುಬಿಟ್ಟಿತು.

ಹುಟ್ಟಿದಂದಿನಿಂದ ಅವನನ್ನು ಯಾರೂ ನೀವು ಎಂದಿರಲಿಲ್ಲ. ಶೆಡ್ಡಿನಲ್ಲಿ ಲೇ, ಬಸ್ಸಿನಲ್ಲಿ ಏಯ್, ಸಿಟ್ಟು ಬಂದರೆ ಇನ್ನೂ ಕೆಟ್ಟದ್ದು.

ಅಂದಿನಿಂದ ದಿನವೂ ಹೋಗುವಾಗ ಒಂದು ಪಾಠ, ಜೀನ್ಸ್ ಶೆಡ್ಡಿನ ಊಟದ ಬಿಡುವಿನಲ್ಲಿ ಒಂದು. ಕಟ್ಟಿಂಗ್ ಮಾಸ್ಟರ್ ಎರ್ರಣ್ಣ ಬುತ್ತಿ ಬಿಚ್ಚುತ್ತ ಕಿವಿ ನಿಮಿರಿಸಿದ. “ಯಾರಲೇ ಆಕಿ? ಮತ್ತೊಮ್ಮೆ ಹೇಳಿ, ಮತ್ತೊಮ್ಮೆ ಹೇಳಿ ಅಂತಾಳ. ನಮ್ಮನಿಯಾಕಿ ಒಮ್ಮಿ ಬಾಯಿ ತೆಗದ್ರನ ಸಾಕ್ಮಾಡು ಅಂತಾಳ. ಇಂಥಾಕಿ ಎಲ್ಲಿ ಸಿಕ್ಳು ನಿಂಗ?”

“ನಮ್ಮ ಟೀಚರ್” ಎಂದ ಅಂಜಿನಿ.

ಟೀಚರುಗಳು ಅವನಿಗೂ ಇದ್ದರು, ಇದೇ ಕುರುಗೋಡಿನಲ್ಲಿ, ಏಳನೇ ತರಗತಿಯವರೆಗೆ. ಆ ವರ್ಷ ಭತ್ತದ ನಾಟಿಗೆಂದು ಮನೆಮಂದಿಯೆಲ್ಲ ಸಿರುಗುಪ್ಪಕ್ಕೆ ಹೋಗಿ, ಕೊಯ್ಲು ಮುಗಿಸಿ ವಾಪಸು ಬರುವಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಅದನ್ನು ಅಳಿಸಿಕೊಡಿ ಎಂದು ಕೇಳಬಹುದು ಅನ್ನುವುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮುಂದೆ ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸ, ಆಮೇಲೆ ಜೇಬು ಹೊಲಿಯುವುದು. ಹತ್ತು ವರ್ಷದಲ್ಲಿ ಎಷ್ಟು ಲಕ್ಷ ಜೇಬು ಹೊಲಿದನೋ, ದೇವರೇ ಬಲ್ಲ.

ಬಸ್ಸಿನಲ್ಲಿ ಹೈಸ್ಕೂಲಿನ ಹುಡುಗರು ಹತ್ತಿದರೆ, ಕೂತವರು ಅವರ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ವಾಡಿಕೆ. ಅಂಜಿನಿ ಯಾರೂ ಕೇಳುವ ಮೊದಲೇ ಕೈ ಚಾಚುತ್ತಿದ್ದ. ಬಟ್ಟೆಯೊಳಗಿಂದ ಪುಸ್ತಕದ ಮೂಲೆಗಳು ಚುಚ್ಚುತ್ತಿದ್ದವು. ಇದು ದಪ್ಪ, ಸಮಾಜ ಇರಬೇಕು, ಇದು ಗಣಿತ, ಇದು ಕಂಪಾಸ್ ಪೆಟ್ಟಿಗೆ. ಹುಡುಗರು ಇಳಿಯುವಾಗ ಚೀಲ ಕಿತ್ತುಕೊಂಡು ಹೋದರೆ ತೊಡೆ ಹಗುರಾಗಿ, ಏನೋ ಕಳಕೊಂಡವನ ಹಾಗೆ ಅಂಗೈ ನೋಡಿಕೊಳ್ಳುತ್ತಿದ್ದ.

ಆ್ಯಪಿನಲ್ಲಿ ಇನ್ನೂ ಹತ್ತೊಂಬತ್ತು ಪಾಠ ಉಳಿದಿದ್ದವು. ಅವು ಮುಗಿದರೆ ಹತ್ತನೇ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟುವ ಧೈರ್ಯ ಬರುತ್ತದೆ ಎಂದುಕೊಂಡಿದ್ದ. ಈ ಮಾತನ್ನು ತಂಗಿಗೊಬ್ಬಳಿಗೆ ಹೇಳಿದ್ದ.

“ಮಗು ಓದದಿದ್ದ ನಂಬರು ವಾಪಸ್ ತಗೋಬೇಕು ಅಂತ ರೂಲ್ಸ್ ಐತಿ” ಎನ್ನುತ್ತಿದ್ದರು ಮಾಸ್ತರು ಈಗ. “ಹನ್ನೆರಡು ಮಕ್ಳು ನಂಬರಿಗೆ ಕಾಯಾಕತ್ತಾರ. ಅಷ್ಟಲ್ಲ, ಬಳ್ಳಾರಿ ಓದಿನ ಸ್ಪರ್ಧೆಗೆ ಈಕಿ ಹೆಸರು ಕಳಿಸಿದ್ದು ಇದೇ ಅಂಕ ನೋಡಿ. ಈ ಅಂಕ ಯಾರದು? ಹೇಳಪ್ಪ, ಯಾರ ದನಿ ಇದು?”

ಪಕ್ಕದಲ್ಲಿ ನಿಂತಿದ್ದ ಕನ್ನಡ ಟೀಚರ್ ರಶ್ಮಿ ನಡುವೆ ಬಾಯಿ ಹಾಕಿದರು. “ಸರ್, ನಾಗಲಕ್ಷ್ಮಿ ಖರೇನ ಚೊಲೋ ಓದ್ತಾಳ್ರೀ.”

ಅಷ್ಟರಲ್ಲಿ ಗೋಡೆಯ ಕಡೆಯಿಂದ ನಾಗಲಕ್ಷ್ಮಿ ಮುಂದೆ ಬಂದಳು. “ನಂದೇ ದನಿ ಸರ್. ನೆಗಡಿ ಆಗಿತ್ತು.”

ನಗೆ ಇನ್ನೊಮ್ಮೆ ಎದ್ದಿತು. “ನೆಗಡೀನೋ, ನಗಾರೀನೋ!” ಎಂದ ಒಬ್ಬ.

“ಹಂಗಾರ ಇಲ್ಲೇ ಓದು” ಎಂದು ಮಾಸ್ತರು ಪುಸ್ತಕ ಚಾಚಿದರು.

ಅವಳು ಪುಸ್ತಕ ಹಿಡಿದು ಅಣ್ಣನ ಕಡೆ ಒಂದು ಸಲ ನೋಡಿದಳು. ಓದತೊಡಗಿದಳು. “ಮಳೆ ನಿಂತ ಮೇಲೆ ಅಜ್ಜಿ ಅಂಗಳಕ್ಕೆ ಬಂದಳು. ಅ... ಅಗ್ಗದ ಮೇಲೆ ಆಕಿದ್ದ...”

ಅಂಜಿನಿಗೆ ತಟ್ಟನೆ ಅರ್ಥವಾಯಿತು. ನಂಬರು ಉಳಿಯಲೆಂದು, ತನ್ನ ಹತ್ತೊಂಬತ್ತು ಪಾಠ ಉಳಿಯಲೆಂದು, ಹುಡುಗಿ ತನ್ನದಲ್ಲದ ತಪ್ಪನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ದನಿ ಅವಳದೆಂದಾದರೆ ನಂಬರು ಉಳಿಯುತ್ತದೆ. ಆದರೆ ಹೀಗೆ ಓದುವವಳನ್ನು ಬಳ್ಳಾರಿಗೆ ಯಾರು ಕಳಿಸುತ್ತಾರೆ? ಓದು ಬಾರದವಳೆಂದು ಊರೆಲ್ಲ ಅನ್ನುತ್ತದೆ. ರಶ್ಮಿ ಟೀಚರ್ ಹುಬ್ಬು ಗಂಟಿಕ್ಕಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಕಿವಿಯೋಲೆ ನಡುಗುತ್ತಿತ್ತು.

“ನಿಲ್ಸು ನಾಗಿ” ಎಂದ ಅಂಜಿನಿ.

“ಅನ್ನಾ, ವದ್ದು” ಎಂದಳು ಅವಳು ಮೆಲ್ಲಗೆ. ಬೇಡ ಅನ್ನುವುದಕ್ಕೆ ಮನೆಯ ಮಾತೇ ಬಂದಿತ್ತು.

ಅವನು ಪುಸ್ತಕ ಕೇಳಲಿಲ್ಲ. ನಿಂತಲ್ಲಿಂದಲೇ, ಎದುರಿನ ಗೋಡೆ ನೋಡುತ್ತ, ಇಪ್ಪತ್ತೇಳನೆಯ ಸಲ ಹೇಳಿದ. “ಮಳೆ ನಿಂತ ಮೇಲೆ ಅಜ್ಜಿ ಅಂಗಳಕ್ಕೆ ಬಂದಳು. ಹಗ್ಗದ ಮೇಲೆ ಹಾಕಿದ್ದ ಬಟ್ಟೆಗಳು ಹಾರಿಹೋಗಿದ್ದವು. ಅವಳು ಹಿತ್ತಲಿಗೆ ಹೋಗಿ ಹುಡುಕಿದಳು.” ಒಂದೊಂದು ಹಕಾರಕ್ಕೂ ಎದೆಯ ತಳದಿಂದ ಉಸಿರು ಎಳೆದು ತರುತ್ತಿದ್ದ. ಕೊನೆಯ ಸಾಲಿನಲ್ಲಿ ‘ಅಂಗಿ’ ಅನ್ನುವಲ್ಲಿ ‘ಹಂಗಿ’ ಎಂದುಬಿಟ್ಟ. ಇಲ್ಲದ ಕಡೆಯೂ ಒಂದು ಹಕಾರ. ಯಾರೂ ನಗಲಿಲ್ಲ.

“ದನಿ ನಂದು ಸರ್. ನಂಬರು ತಗೊಳ್ರಿ. ಆಕಿ ಹೆಸರು ತೆಗಿಬ್ಯಾಡ್ರಿ. ಈಗ ಆಕಿ ಬೇಕಂತ ತಪ್ಪು ಓದಿದ್ಳು.” ಮುಂದೆ ಬಂದು ಫೋನನ್ನು ರಶ್ಮಿ ಟೀಚರ್ ಕೈಗೆ ಕೊಟ್ಟ. ಅವರು ನಂಬರು ಅಳಿಸಲು ಬೆರಳಾಡಿಸಿದರು. ಪಾಠಗಳ ಪಟ್ಟಿ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಬಿಳಿ ಪರದೆ, ನಂಬರು ಒತ್ತಿ ಎನ್ನುವ ಖಾಲಿ ಚೌಕ.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ಸ್ವಲ್ಪ ಇಳಿದಿತ್ತು. “ಆಕಿ ಬಳ್ಳಾರಿಗೆ ಹೋಗ್ಲಿ ಬಿಡು. ಅಲ್ಲಲೇ ಅಂಜಿನಿ, ಇಷ್ಟು ಬರತೈತಿ ಅಂದ್ರ ಹತ್ತನೇ ಕ್ಲಾಸ್ ಹೊರಗಿಂದ ಕಟ್ಟಬಾರದೇನು? ಫಾರಂ ನಾನೇ ತುಂಬಿಸ್ತೀನಿ. ಮುಂದಿನ ವರ್ಷ ಕಟ್ತೀಯೇನು?”

ಹ್ಞೂಂ ಎನ್ನುವುದು ಅಂಜಿನಿಯ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಹತ್ತು ವರ್ಷದಿಂದ ಅವನು ಕಾದಿದ್ದದ್ದು ಈ ಒಂದು ಪ್ರಶ್ನೆಗಾಗಿ. ಕನಸಿನಲ್ಲಿ ಅದನ್ನು ಕೇಳಿದವರು ಯಾರೋ, ಎಲ್ಲೋ, ಹೇಗೋ. ಹೀಗೆ ಮಾತ್ರ ಅಲ್ಲ.

“ಪರೀಕ್ಷಿಗೂ ಸೀರಿ ಉಟ್ಕೊಂಡೇ ಬರ್ತಾನೇನ್ರೀ ಸರ್?” ಎಂದಿತು ಮಧ್ಯದ ಬೆಂಚಿನ ಒಂದು ಗಂಟಲು. ಕೋಣೆ ಮತ್ತೆ ನಕ್ಕಿತು. ತಡೆದುಕೊಳ್ಳಲಾಗದೆ ಮಾಸ್ತರೂ ನಕ್ಕುಬಿಟ್ಟರು. ಕೆಟ್ಟ ನಗೆಯಲ್ಲ ಅದು, ಮನೆಯವರ ಮೇಲೆ ನಗುವಂಥದ್ದು. ಆದರೂ ನಗೆ ನಗೆಯೇ.

ಅಂಜಿನಿ ಟೀಚರ್ ಕೈಯಿಂದ ಫೋನು ತೆಗೆದುಕೊಂಡ. ಬೆಂಚುಗಳ ನಡುವೆ ನಡೆದು ಬಾಗಿಲು ದಾಟಿದ.

“ಲೇ, ತಮಾಷಿಗಲ್ಲೋ! ಖರೇನ ಕೇಳಾಕತ್ತೀನಿ, ಕಟ್ತೀಯೇನು?” ಮಾಸ್ತರು ಬಾಗಿಲವರೆಗೆ ಬಂದು ಕೂಗಿದರು.

ಬಯಲಿನಲ್ಲಿ ಹನ್ನೊಂದು ಗಂಟೆಯ ಬಿಸಿಲು ಚುರುಗುಟ್ಟುತ್ತಿತ್ತು. ಹಿಂದೆ ನಾಗಲಕ್ಷ್ಮಿಯ ಓಡುವ ಹೆಜ್ಜೆಗಳು ನಾಲ್ಕು ಮಾರು ಬಂದು ನಿಂತವು. ಮಾಸ್ತರು ಇನ್ನೊಮ್ಮೆ ಕೇಳಿದರು. ತಿರುಗಿದರೆ ಅಳು ಕಾಣುತ್ತಿತ್ತು, ಬಾಯಿ ತೆರೆದರೆ ಬೈಗುಳ ಬರುತ್ತಿತ್ತು, ಎರಡರ ಕೆಳಗೂ ಹ್ಞೂಂ ಇತ್ತು. ಅವನು ಗೇಟು ದಾಟಿ ಬಸ್‌ಸ್ಟ್ಯಾಂಡಿನ ರಸ್ತೆ ಹಿಡಿದು ನಡೆದ.